ಕುಡುಕ ಗಂಡನಿಲ್ಲದ ಸಿನಿಮಾ ಬೇಕು

ಹೆಂಗಸರ ಮೇಲಿನ ದೌರ್ಜನ್ಯದ ಬಗ್ಗೆ ಜಾಗೃತಿ ಕಿರುಚಿತ್ರ ಅಂದ್ರೆ ಏನಿರುತ್ತೆ ಹೇಳಿ? ತೂರಾಡಿಕೊಂಡು ಬರುವ ಗಂಡ, ಹಾರಿ ಬೀಳುವ ತಟ್ಟೆ, ಮೂಲೆಯಲ್ಲಿ ಮುದುಡಿ ಕೂತ ಮಗು, ಹೆಂಡತಿಯ ಕಣ್ಣ ಕೆಳಗೆ ನೇರಳೆ ಮೇಕಪ್, ಹಿಂದೆ ಕೊಳಲು. ಕೊನೆಗೆ ಸಹಾಯವಾಣಿ ನಂಬರ್. ಮಾಡಿದವರ ಉದ್ದೇಶ ಒಳ್ಳೆಯದೇ. ಇಂಥದ್ದೊಂದನ್ನು ನಮ್ಮ ಕಡೆಯ ಸ್ವಸಹಾಯ ಸಂಘದ ಮೀಟಿಂಗ್‌ನಲ್ಲಿ ಹಾಕಿದ್ದರು, ನಾನೂ ಹಿಂದೆ ಕೂತಿದ್ದೆ. ಮುಗಿದ ಮೇಲೆ ಪಕ್ಕದಲ್ಲಿದ್ದವರು ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಪುಣ್ಯಕ್ಕೆ ನಮ್ಮೆಜಮಾನ್ರು ಕುಡಿಯಲ್ಲ." ಅವರು ದುಡಿದ ದುಡ್ಡು ನೇರ ಗಂಡನ ಕೈಗೆ ಹೋಗುತ್ತೆ, ತವರಿಗೆ ಹೋಗೋಕೆ ವಾರ ಮೊದಲೇ ಕೇಳಬೇಕು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತು.

ತೆರೆಯ ಮೇಲೆ ರಾಕ್ಷಸನನ್ನು ತೋರಿಸಿದರೆ ನೋಡುವವರ ಮನೆ ಗಂಡಸರೆಲ್ಲ ದೇವರಂಥವರಾಗಿಬಿಡುತ್ತಾರೆ. ನನ್ನ ತಕರಾರು ಅದು.

ಬೇರೆ ಥರ ಮಾಡಬಹುದು ಅನ್ನೋದಕ್ಕೆ ಹಳೆಯ ಉದಾಹರಣೆಯೊಂದಿದೆ, ನಮ್ಮೂರ ಕಡೆಯದ್ದೇ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ಯುಗಾಂತರ ಅಂತ ಸಿನಿಮಾ ತಂಡ ಕಟ್ಟಿದರು. ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಬಗ್ಗೆ ಸಿನಿಮಾ ಮಾಡಿದ್ದು ಇವರೇ. 1983ರಲ್ಲಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆ ಜೊತೆ ಸೇರಿ 'ಇದಿ ಕಥಾ ಮಾತ್ರಮೇನಾ' (ಇದು ಬರೀ ಕಥೆಯಾ?) ಅಂತ ಇನ್ನೊಂದು ಮಾಡಿದರು. ತೆಲುಗು, ಕಪ್ಪು-ಬಿಳುಪು, ಅರ್ಧ ಗಂಟೆಯೂ ಇಲ್ಲ. ಸಂಘಟನೆಯ ಹೆಂಗಸರೇ ತಮ್ಮ ಅನುಭವಗಳನ್ನು ಮಾತಾಡಿಕೊಂಡು ಕಥೆ ಕಟ್ಟಿದರು, ಅವರೇ ನಟಿಸಿದರು. ಆಗ ದೇಶದಲ್ಲೆಲ್ಲ ವರದಕ್ಷಿಣೆ ಸಾವು, ಸೊಸೆಯನ್ನು ಸುಟ್ಟ ಸುದ್ದಿಗಳ ವಿರುದ್ಧ ಹೋರಾಟ ಜೋರಾಗಿತ್ತು. ಇವರು ಮಾತ್ರ ಬೆಂಕಿಯ ತನಕ ಹೋಗದ, ಪೇಪರಿಗೆ ಬರದ, ದಿನಾ ಸ್ವಲ್ಪ ಸ್ವಲ್ಪವೇ ಹೆಂಗಸನ್ನು ಕುಗ್ಗಿಸುವ ಮದುವೆಯನ್ನು ತೋರಿಸಿದರು.

ಅದೇ 1983ರ ಕೊನೆಗೆ ಆಗಿನ ದಂಡ ಸಂಹಿತೆ ಐಪಿಸಿಗೆ 498ಎ ಬಂತು, ಅಂದ್ರೆ ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧ ಅನ್ನುವ ಕಲಮು. ಬೈಗುಳ, ಅವಮಾನ, ದುಡ್ಡು ಕೊಡದೆ ಸತಾಯಿಸೋದು, ಇದೂ ದೌರ್ಜನ್ಯವೇ ಅಂತ ಬಿಡಿಸಿ ಬರೆದದ್ದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಅಂದ್ರೆ ಸಿನಿಮಾಕ್ಕಿಂತ 22 ವರ್ಷ ತಡ.

ಇತ್ತೀಚಿನ ವರ್ಷಗಳ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು 44.4%. ಅದರ ಹಿಂದಿನ, 2015-16ರ ಸಮೀಕ್ಷೆಯಲ್ಲಿ 20.6% ಇತ್ತು. ಅಷ್ಟೂ ಹೆಚ್ಚಿದ್ದು ಹೊಡೆತವೋ, ಕೆಲವರಾದರೂ ಬಾಯಿಬಿಟ್ಟು ಹೇಳಿದ್ದೋ, ಎರಡೂ ಇರಬಹುದು. ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು ಅಂಕಿ. ಅತ್ತೆಮಾವನಿಗೆ ಮರ್ಯಾದೆ ಕೊಡದಿದ್ದರೆ, ಅಡುಗೆ ಸರಿ ಇಲ್ಲದಿದ್ದರೆ, ಹೇಳದೆ ಹೊರಗೆ ಹೋದರೆ, ಹೀಗೆ ಏನಾದರೂ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯೋದು ಸರಿ ಅಂದ ನಮ್ಮ ರಾಜ್ಯದ ಗಂಡಸರು 81.9%. ಇವರೆಲ್ಲ ಕುಡುಕರಾ? ಅಲ್ಲವಲ್ಲ. ಸೊಕ್ಕಿನ ಹುಡುಗಿಯ ಕೆನ್ನೆಗೆ ಹೀರೋ ಬಾರಿಸಿದ ಕೂಡಲೇ ಅವಳು ಸೀರೆ ಉಟ್ಟು ಬರುವ ಸಿನಿಮಾಗಳಿಗೆ ಶಿಳ್ಳೆ ಹೊಡೆದು ಬೆಳೆದವರು ನಾವು, ಅದನ್ನೂ ಸ್ವಲ್ಪ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಯುಗಾಂತರದವರು ಸಿನಿಮಾ ಮಾಡಿ ಡಬ್ಬದಲ್ಲಿ ಇಡಲಿಲ್ಲ. ಪ್ರೊಜೆಕ್ಟರ್ ಹೊತ್ತುಕೊಂಡು ಸಂಘಗಳಿಗೆ, ಯೂನಿಯನ್‌ಗಳಿಗೆ, ಕಾಲೇಜುಗಳಿಗೆ ಹೋಗಿ ತೋರಿಸಿ, ಆಮೇಲೆ ಕೂತು ಮಾತಾಡಿದರು. ನಾವು ಸುಮ್ನೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ ಕೈತೊಳೆದುಕೊಳ್ಳುತ್ತೇವೆ. ಆ ಫೋನನ್ನು ಗಂಡನೂ ನೋಡ್ತಾನೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ.

ನೀವು ಎಲ್ಲಾದರೂ ಇಂಥ ಪ್ರದರ್ಶನ ಇಟ್ಟುಕೊಂಡರೆ ಗಂಡಸರಿಗೆ ಬೇರೆ ದಿನ ತೋರಿಸಿ, ಒಟ್ಟಿಗೆ ಕೂರಿಸಿದರೆ ಯಾರೂ ಬಾಯಿಬಿಡಲ್ಲ. ನಂಬರ್ ಹಾಕಿ ಬಿಡುವ ಬದಲು ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರನ್ನೇ ಕರೆಯಿರಿ. ನಮ್ಮಲ್ಲಿ 2005ರ ಆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಅವರೇ. ಎಫ್ಐಆರ್ ಇಲ್ಲದೆಯೂ ಅವರ ಮೂಲಕ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು, ಗಂಡನ ಮನೆಯಿಂದ ಹೊರಹಾಕದಂತೆ ಆದೇಶ ಪಡೆಯಬಹುದು. ಇದನ್ನು ಅವರ ಬಾಯಲ್ಲೇ ಕೇಳಲಿ. ಇನ್ನೊಂದು, ಹಾಲ್‌ನವರಿಗೆ ಸಿನಿಮಾ ಮುಗಿದ ಮೇಲೂ ಒಂದೆರಡು ಗಂಟೆ ಬೀಗ ಹಾಕಬೇಡಿ ಅಂತ ಮೊದಲೇ ಹೇಳಿಡಿ.