ಜರ್ಮನಿಯಲ್ಲಿ ಪಿಎಚ್‌ಡಿ: ಮೊದಲು ಪ್ರಶ್ನೆ, ಆಮೇಲೆ ಅರ್ಜಿ

ವಾರಕ್ಕೊಂದಾದರೂ ಮೆಸೇಜ್ ಬರುತ್ತದೆ. "ಸಮಾಜಶಾಸ್ತ್ರದಲ್ಲಿ ಎಂಎ ಆಗಿದೆ, ಜರ್ಮನಿಯಲ್ಲಿ ಪಿಎಚ್‌ಡಿ ಮಾಡಬಹುದಾ?" ಖಂಡಿತ ಮಾಡಬಹುದು. ಆದರೆ ನಾನು ಮರಳಿ ಕೇಳುವುದು ಒಂದೇ ಮಾತು: ನಿಮಗೆ ಏನನ್ನು ತಿಳಿದುಕೊಳ್ಳಬೇಕಾಗಿದೆ? ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಶುರುವಿನಲ್ಲಿ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಾನು ಬರೆದ ಮೊದಲ ಎಕ್ಸ್‌ಪೊಜೆ, ಅಂದರೆ ಸಂಶೋಧನೆಯ ಪ್ರಸ್ತಾವ, 12 ಪುಟ ಇತ್ತು. ವಲಸೆ, ಅಸ್ಮಿತೆ, ಜಾಗತೀಕರಣ ಎಲ್ಲವನ್ನೂ ತುಂಬಿದ್ದೆ. ಈಗ ನನ್ನ ಗೈಡ್ ಆಗಿರುವ ಪ್ರೊಫೆಸರ್ ಅದನ್ನು ಪ್ರಿಂಟ್ ತೆಗೆದು ಓದಿ, ಸ್ಕ್ಯಾನ್ ಮಾಡಿ ವಾಪಸ್ ಕಳಿಸಿದರು. ಇಡೀ ಕಟ್ಟಿನಲ್ಲಿ ಪೆನ್ಸಿಲ್ ಗೆರೆ ಬಿದ್ದಿದ್ದು ಒಂದೇ ಕಡೆ, 7ನೇ ಪುಟದಲ್ಲಿ. ಭಾರತದಲ್ಲಿ ವರ್ಷಗಟ್ಟಲೆ ದುಡಿದ ನರ್ಸ್‌ಗಳು ಇಲ್ಲಿಗೆ ಬಂದ ಮೇಲೆ, ಸರ್ಟಿಫಿಕೇಟ್‌ಗೆ ಮಾನ್ಯತೆ ಸಿಗುವ ತನಕ ಸಹಾಯಕರಾಗಿ ಕೆಲಸ ಮಾಡುತ್ತಾರೆ ಎಂದು ಸುಮ್ನೆ ಒಂದು ಸಾಲು ಬರೆದಿದ್ದೆ. ಅದರ ಪಕ್ಕ ಅವರ ಸಣ್ಣ ಅಕ್ಷರ: "ಆ ತಿಂಗಳುಗಳಲ್ಲಿ ಅವರು ತಮ್ಮನ್ನು ಏನೆಂದು ಹೇಳಿಕೊಳ್ಳುತ್ತಾರೆ?" ಅದೇ ನನ್ನ ಪಿಎಚ್‌ಡಿ ಆಯಿತು. ಉಳಿದ 11 ಪುಟ ಹೋದವು.

ಇಲ್ಲಿ ಗೈಡ್‌ಗೆ ಡೋಕ್ಟರ್‌ಮುಟರ್, ಡೋಕ್ಟರ್‌ಫಾಟರ್ ಎನ್ನುತ್ತಾರೆ. ಡಾಕ್ಟರೇಟಿನ ತಾಯಿ, ತಂದೆ ಎಂದು ಅರ್ಥ. ಹೆಚ್ಚಿನವರು ಹಿಡಿಯುವ ದಾರಿಯಲ್ಲಿ ಮೊದಲು ಒಬ್ಬ ಪ್ರೊಫೆಸರ್ ಒಪ್ಪಬೇಕು, ಆಮೇಲೆ ಫ್ಯಾಕಲ್ಟಿಯಲ್ಲಿ ನೋಂದಣಿ. ಹಾಗಾಗಿ ಒಂದೇ ಇಮೇಲನ್ನು ನೂರು ಜನಕ್ಕೆ ಕಳಿಸಬೇಡಿ. ಐದೇ ಜನಕ್ಕೆ ಬರೆಯಿರಿ, ಆದರೆ ಅವರ ಒಂದೊಂದು ಲೇಖನವನ್ನಾದರೂ ಪೂರ್ತಿ ಓದಿ ಬರೆಯಿರಿ. ಓದಿದ್ದೀರೋ ಇಲ್ಲವೋ ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತದೆ.

ಇನ್ನು ದುಡ್ಡಿನ ಮಾತು. ಇಲ್ಲಿ ಪಿಎಚ್‌ಡಿ ಅನ್ನುವುದು ಬಹಳ ಸಲ ಒಂದು ನೌಕರಿ. ಪತ್ರಿಕೆಯಲ್ಲಿ ಬರುವಂಥ ಜಾಹೀರಾತು, ಸಂದರ್ಶನ, ಒಪ್ಪಂದ ಎಲ್ಲ ಇರುತ್ತದೆ. ವಿಶ್ವವಿದ್ಯಾಲಯದ ಹುದ್ದೆಗಳು ಸಾಮಾನ್ಯವಾಗಿ ಟಿವಿ-ಎಲ್ ಇ13 ಎಂಬ ವೇತನ ಶ್ರೇಣಿಯವು. ಆದರೆ ಸಮಾಜ ವಿಜ್ಞಾನದಲ್ಲಿ ಪೂರ್ಣ ಹುದ್ದೆ ಕಡಿಮೆ, ಶೇ. 50 ಅಥವಾ ಶೇ. 65 ಎಂದು ಬರೆದಿರುತ್ತಾರೆ, ಅಂದರೆ ಪೂರ್ಣ ಸಂಬಳದಲ್ಲಿ ಅಷ್ಟು ಪಾಲು. ಅದರಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಡಿತವಾಗುತ್ತದೆ. ಒಬ್ಬರು ಬದುಕುವುದಕ್ಕೆ ಸಾಕು. ಕುಟುಂಬ ಕರೆತರುವವರು ಲೆಕ್ಕ ಹಾಕಿಯೇ ಹೊರಡಬೇಕು. ಡಾಕ್ಟರೇಟಿಗೆ ಮುಂಚಿನ ಇಂಥ ತಾತ್ಕಾಲಿಕ ಒಪ್ಪಂದಗಳಿಗೆ ಕಾನೂನು ಒಟ್ಟು 6 ವರ್ಷದ ಮಿತಿ ಹಾಕಿದೆ. ಮೊದಲ ಒಪ್ಪಂದ ಎಷ್ಟು ವರ್ಷದ್ದು ಎಂದು ಸಹಿ ಹಾಕುವ ಮುಂಚೆಯೇ ಕೇಳಿ. ಸಂಕೋಚ ಬೇಡ.

ಒಬ್ಬರೇ ಪ್ರೊಫೆಸರನ್ನು ನಂಬಿ ಬರುವುದಕ್ಕೆ ಭಯವಾದರೆ, ಗುಂಪಾಗಿ ಓದುವ ಜಾಗಗಳಿವೆ. ಜರ್ಮನ್ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ ಹಣ ಕೊಡುವ ಗ್ರಾಡುಯೀರ್ಟನ್‌ಕೊಲೆಗ್‌ಗಳಲ್ಲಿ ಒಂದೇ ವಿಷಯದ ಸುತ್ತ ಹತ್ತಾರು ಜನ ಸಂಶೋಧನೆ ಮಾಡುತ್ತಾರೆ. ಬ್ರೆಮೆನ್‌ನಲ್ಲಿ ಸಮಾಜ ವಿಜ್ಞಾನಕ್ಕೆಂದೇ ಅಂತರರಾಷ್ಟ್ರೀಯ ಗ್ರ್ಯಾಜುಯೇಟ್ ಸ್ಕೂಲ್ ಇದೆ. ನಾನಿರುವ ಬೀಲೆಫೆಲ್ಡ್‌ನಲ್ಲಿ ಇತಿಹಾಸ ಮತ್ತು ಸಮಾಜಶಾಸ್ತ್ರ ಎರಡಕ್ಕೂ ಸೇರಿ ಒಂದಿದೆ. ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳು ಅಂದರೆ ಬರೀ ಭೌತಶಾಸ್ತ್ರ ಅಂದುಕೊಂಡಿದ್ದೀರಿ ಅಲ್ವಾ? ಹಾಲೆ ಊರಿನಲ್ಲಿ ಅವರದ್ದೇ ಮಾನವಶಾಸ್ತ್ರದ ಸಂಸ್ಥೆ ಇದೆ, ಕಲೋನ್‌ನಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯನ್ನು ಒಟ್ಟಿಗೆ ನೋಡುವ ಸಂಸ್ಥೆ ಇದೆ. ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಒಂದು ನೆನಪಿಡಿ: ಕೊನೆಯ ಪದವಿ ಮುಗಿದು ಸಾಮಾನ್ಯವಾಗಿ 6 ವರ್ಷ ದಾಟಿರಬಾರದು. ಎಂಎ ಮುಗಿಸಿ ಪಾಠ ಮಾಡುತ್ತಾ ಕಾದು ಕೂತ ನನ್ನ ಇಬ್ಬರು ಗೆಳತಿಯರಿಗೆ ಇದೇ ಅಡ್ಡ ಬಂತು. ಇಬ್ಬರೂ ನನಗಿಂತ ಚೆನ್ನಾಗಿ ಓದಿದವರು. ಆ ಬೇಜಾರು ಇನ್ನೂ ಹೋಗಿಲ್ಲ.

ಇನ್ನೊಂದು ವಿಷಯ ಮನಸ್ಸು ಬಿಚ್ಚಿ ಹೇಳಬೇಕು. ಭಾರತದಿಂದ ಬಂದವರು ಭಾರತದ ಬಗ್ಗೆಯೇ ಬರೆಯುತ್ತಾರೆ ಎಂದು ಇಲ್ಲಿ ಬಹಳ ಜನ ಅಂದುಕೊಂಡಿರುತ್ತಾರೆ. ನಮ್ಮ ನೆಲದ ಬಗ್ಗೆ ಬರೆಯುವುದು ಒಳ್ಳೆಯದೇ. ಆದರೆ ಅವರು ನಮ್ಮನ್ನು ಅಧ್ಯಯನ ಮಾಡಿದಷ್ಟೇ ಸಹಜವಾಗಿ ನಾವು ಅವರ ಆಸ್ಪತ್ರೆ, ಶಾಲೆ, ಆಫೀಸುಗಳನ್ನು ಅಧ್ಯಯನ ಮಾಡಬೇಕು ಎಂದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಜರ್ಮನ್ ಬೇಕೇ ಬೇಕು. ಪ್ರಬಂಧವನ್ನು ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಬರೆಯಬಹುದು, ನಿಜ. ಆದರೆ ರಾತ್ರಿ ಪಾಳಿಯ ವಾರ್ಡಿನಲ್ಲಿ ಜನ ಇಂಗ್ಲಿಷಿನಲ್ಲಿ ದೂರು ಹೇಳಿಕೊಳ್ಳುವುದಿಲ್ಲ.

ಮೊದಲ ಸಲ ಕೊಲೋಕ್ವಿಯಂನಲ್ಲಿ, ಅಂದರೆ ಸಂಶೋಧಕರು ಸೇರಿ ಚರ್ಚಿಸುವ ಸಭೆಯಲ್ಲಿ, ನನ್ನ ಕೆಲಸ ಮಂಡಿಸಿದಾಗ, ಮಾತು ಮುಗಿದ ತಕ್ಷಣ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ಎದೆ ಧಸಕ್ಕೆಂದಿತು. ಇಲ್ಲಿ ಚಪ್ಪಾಳೆ ಅಂದರೆ ಅದೇ ಎಂದು ಪಕ್ಕದವಳು ಪಿಸುಗುಟ್ಟಿದಳು.

ಹೊರಡುವ ಮನಸ್ಸಿರುವವರು ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದು ನನಗೆ ಕಳಿಸಿ. ಪ್ರಿಂಟ್ ತೆಗೆದು ಓದುತ್ತೇನೆ, ಪೆನ್ಸಿಲ್ ಹಿಡಿದು.