ಬೀಚಿಗೆ ಹೋಗುವ ದಾರಿಯಲ್ಲಿ ಬ್ಯಾರಟ್ಸ್ ಚಾಪೆಲ್

ಫಿಲಡೆಲ್ಫಿಯಾ ಕಡೆಯಿಂದ ರೆಹೋಬೊತ್ ಬೀಚಿಗೆ ಹೊರಟವರು ಡೆಲವೇರ್‌ನ ರೂಟ್ 1ರಲ್ಲಿ ಡೋವರ್ ದಾಟಿದ ಮೇಲೆ ಸಾಮಾನ್ಯವಾಗಿ ಎಲ್ಲೂ ನಿಲ್ಲುವುದಿಲ್ಲ. ವಾಯುನೆಲೆಯ ದೊಡ್ಡ ವಿಮಾನಗಳನ್ನು ಮಕ್ಕಳಿಗೆ ತೋರಿಸುತ್ತಲೇ ಮುಂದೆ ಹೋಗಿಬಿಡುತ್ತಾರೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಫ್ರೆಡರಿಕಾ ಎಂಬ ಪುಟ್ಟ ಊರು. ಊರು ಸಿಗುವ ಮೊದಲೇ, ಹೆದ್ದಾರಿಯ ಪಕ್ಕದಲ್ಲಿ, ಸಮಾಧಿಗಳ ನಡುವೆ ಒಂದು ಇಟ್ಟಿಗೆ ಕಟ್ಟಡ ನಿಂತಿದೆ. ಗಂಟೆಗೋಪುರವಿಲ್ಲ, ಶಿಖರವಿಲ್ಲ, ದೂರದಿಂದ ನೋಡಿದರೆ ಹಳೇ ಕಾಲದ ದೊಡ್ಡ ಮನೆ ಅನ್ನಬೇಕು. 1780ರಲ್ಲಿ ಕಟ್ಟಿದ ಬ್ಯಾರಟ್ಸ್ ಚಾಪೆಲ್ ಅದು. ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡವಾದ ಮೆಥಡಿಸ್ಟರು ಅಮೆರಿಕದಲ್ಲಿ ಇದನ್ನು ತಮ್ಮ ಸಭೆಯ, ಅಂದರೆ ಚರ್ಚಿನ, ತೊಟ್ಟಿಲು ಎಂದು ಕರೆಯುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ: ಫೋನ್ ಮಾಡದೆ ಹೋಗಬೇಡಿ. ಇದು ದಿನವಿಡೀ ತೆರೆದಿರುವ ಜಾಗವಲ್ಲ. ನಾವು ಮೊದಲ ಸಲ ವಿಚಾರಿಸದೆ ವಾರದ ನಡುವೆ ಹೋಗಿ, ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿ ವಾಪಸ್ ಬಂದೆವು. ಎರಡನೇ ಸಲ ಅಮ್ಮನನ್ನೂ ಕರೆದುಕೊಂಡು ಹೋದೆ.

ಇನ್ನೊಂದು ಮಾತು, ಕಥೆ ತಿಳಿದುಕೊಂಡೇ ಹೋಗಿ. ಗೊತ್ತಿಲ್ಲದೆ ಹೋದರೆ ಹತ್ತು ನಿಮಿಷಕ್ಕೆ ನೋಡಿ ಮುಗಿಯುತ್ತದೆ. ಗೊತ್ತಿದ್ದರೆ ಒಂದು ಗಂಟೆ ಸಾಲದು.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿಯುವ ಹೊತ್ತಿಗೆ ಇಲ್ಲಿನ ಮೆಥಡಿಸ್ಟರು ಇನ್ನೂ ಇಂಗ್ಲೆಂಡಿನ ಸಭೆಗೇ ಸೇರಿದವರು. ಯುದ್ಧದಲ್ಲಿ ಆ ಸಭೆಯ ಪಾದ್ರಿಗಳು ಎಷ್ಟೋ ಜನ ಊರು ಬಿಟ್ಟಿದ್ದರು. ಮೆಥಡಿಸ್ಟ್ ಬೋಧಕರು ಕುದುರೆ ಮೇಲೆ ಊರೂರು ಸುತ್ತಿ ಪ್ರಸಂಗ (ಧರ್ಮೋಪದೇಶ) ಮಾಡಬಹುದಿತ್ತೇ ಹೊರತು, ಪಾದ್ರಿಯಾಗುವ ಗುರುಪಟ್ಟವಿಲ್ಲದ್ದರಿಂದ ದೀಕ್ಷಾಸ್ನಾನ ಕೊಡುವಂತಿರಲಿಲ್ಲ, ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ, ಕೊಡುವಂತಿರಲಿಲ್ಲ. ಕೊನೆಗೆ ಮೆಥಡಿಸ್ಟ್ ಪಂಥವನ್ನು ಇಂಗ್ಲೆಂಡಿನಲ್ಲಿ ಶುರುಮಾಡಿದ ಜಾನ್ ವೆಸ್ಲಿ 1784ರಲ್ಲಿ ರಿಚರ್ಡ್ ವಾಟ್ಕೋಟ್, ಥಾಮಸ್ ವೇಸಿ ಅವರಿಗೆ ತಾವೇ ಗುರುಪಟ್ಟ ಕೊಟ್ಟು, ಆಗಲೇ ಪಾದ್ರಿಯಾಗಿದ್ದ ಥಾಮಸ್ ಕೋಕ್ ಜೊತೆ ಹಡಗು ಹತ್ತಿಸಿದರು.

ಅದೇ ವರ್ಷ ನವೆಂಬರ್ 14, ಭಾನುವಾರ. ಈ ಚಾಪೆಲ್ಲಿನಲ್ಲಿ ಕೋಕ್ ಪ್ರಸಂಗ ಮುಗಿಸುತ್ತಿದ್ದಂತೆ ಸಾದಾ ಬಟ್ಟೆಯ, ಗಟ್ಟಿಮುಟ್ಟಾದ ಒಬ್ಬ ವ್ಯಕ್ತಿ ವೇದಿಕೆ ಹತ್ತಿ ಬಂದು ಅವರಿಗೆ ಮುತ್ತಿಟ್ಟರು. ಅವರೇ ಅಮೆರಿಕದ ಮೆಥಡಿಸ್ಟ್ ಬೋಧಕರ ಮುಖಂಡ ಫ್ರಾನ್ಸಿಸ್ ಆಸ್ಬರಿ. ಆಮೇಲೆ ನಡೆದ ಕರ್ತನ ಭೋಜನದಲ್ಲಿ ವಾಟ್ಕೋಟ್ ದ್ರಾಕ್ಷಾರಸದ ಪಾತ್ರೆ ಹಿಡಿದು ಸಹಾಯ ಮಾಡುವುದನ್ನು ಕಂಡು ಆಸ್ಬರಿಯೇ ಬೆಚ್ಚಿದರಂತೆ. ತಮ್ಮ ಬೋಧಕರ ಕೈಯಲ್ಲಿ ಆ ಪಾತ್ರೆಯನ್ನು ಅವರು ಅದುವರೆಗೆ ನೋಡಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಬೋಧಕರೆಲ್ಲ ಸೇರಿ ಪ್ರತ್ಯೇಕ ಸಭೆ ಸ್ಥಾಪಿಸಿದರು. ಚಾಪೆಲ್ಲಿಗೆ ಜಾಗ ಕೊಟ್ಟ ಫಿಲಿಪ್ ಬ್ಯಾರಟ್ ಮಾತ್ರ ಇದನ್ನೆಲ್ಲ ನೋಡಲಿಲ್ಲ, ಆ ಭಾನುವಾರಕ್ಕೆ ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದರು. ಆ ಭಾನುವಾರ ಬೋಧಕರಿಗೆಲ್ಲ ಊಟ ಅವರ ವಿಧವೆಯ ಮನೆಯಲ್ಲಿ.

ಕೋಕ್, ಆಸ್ಬರಿ ಭೇಟಿಯ ನೆನಪಿಗೆ ಒಳಗೆ ನೆಲದಲ್ಲಿ ಒಂದು ನಕ್ಷತ್ರ ಹಾಕಿದ್ದಾರೆ. ಮೇಲಿನ ಗ್ಯಾಲರಿ ನೋಡುತ್ತಾ ನಡೆದರೆ ಅದನ್ನು ಮೆಟ್ಟಿಕೊಂಡೇ ಮುಂದೆ ಹೋಗಿಬಿಡುತ್ತೀರಿ. ಕೆಳಗೆ ನೋಡಿ.

ಇಲ್ಲಿಂದ ಆಸ್ಬರಿ ಕೋಕ್‌ರನ್ನು ಸುಮಾರು ಸಾವಿರ ಮೈಲಿಯ ಕುದುರೆ ಸವಾರಿಗೆ ಕಳಿಸಿದರು. ಜೊತೆಗೆ ಹೋದವರು ಹ್ಯಾರಿ ಹೋಸಿಯರ್, ಓದುಬರಹ ಬಾರದ ಕರಿಯ ಬೋಧಕ. ಜಗತ್ತಿನ ಅತ್ಯುತ್ತಮ ಪ್ರಸಂಗಿಗಳಲ್ಲಿ ಒಬ್ಬ ಎಂದು ಕೋಕ್ ಅವರನ್ನು ಮೆಚ್ಚಿದ್ದರು. ಬಾಲ್ಟಿಮೋರಿನಲ್ಲಿ ಸೇರಿದ ಬೋಧಕರು, ಸಭೆಯವರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಬೇಕೆಂಬ ನಿಯಮ ಮಾಡಿ, ವರ್ಷ ತುಂಬುವ ಮೊದಲೇ ಹಿಂದಕ್ಕೆ ಪಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ನೋವಾಗುತ್ತದೆ. ಆ ಕಥೆಯ ಮುಂದಿನ ಭಾಗ ಫಿಲಡೆಲ್ಫಿಯಾದಲ್ಲಿದೆ. ಡೋವರ್ ಹತ್ತಿರ ಗುಲಾಮರಾಗಿದ್ದು, ದುಡಿದು ಬಿಡುಗಡೆ ಕೊಂಡುಕೊಂಡ ರಿಚರ್ಡ್ ಅಲೆನ್ ಕರಿಯ ಮೆಥಡಿಸ್ಟರಿಗಾಗಿ 1794ರಲ್ಲಿ ಶುರುಮಾಡಿದ ಮದರ್ ಬೆಥೆಲ್ ಚರ್ಚ್ 6ನೇ ಬೀದಿಯಲ್ಲಿದೆ. 4ನೇ ಬೀದಿಯ ಸೇಂಟ್ ಜಾರ್ಜ್ ಚರ್ಚ್ 1769ರಿಂದ ಮೆಥಡಿಸ್ಟರ ಕೈಯಲ್ಲಿದೆ. ಸಾಧ್ಯವಾದರೆ ಒಂದು ದಿನ ಇವೆರಡಕ್ಕೆ ಇಟ್ಟು, ಮರುದಿನ ಬೆಳಿಗ್ಗೆ ಫ್ರೆಡರಿಕಾಕ್ಕೆ ಹೊರಡಿ. ನನ್ನ ಪ್ರಕಾರ ಈ ಕ್ರಮವೇ ಸರಿ, ಗಲಾಟೆಯ ಊರಿನಿಂದ ಬಂದಾಗ ಚಾಪೆಲ್ಲಿನ ಮೌನ ತಟ್ಟುತ್ತದೆ.

ಅಮ್ಮ ಓದಿದ್ದು ತುಮಕೂರು ಕಡೆಯ ಮಿಷನ್ ಶಾಲೆಯಲ್ಲಿ. ಈ ಕೋಕ್ ಮೂವತ್ತು ವರ್ಷದ ನಂತರ, 1814ರಲ್ಲಿ, ಸಿಲೋನಿಗೆ ಮಿಷನರಿಗಳನ್ನು ಕರೆದುಕೊಂಡು ಹೊರಟು ಹಿಂದೂ ಮಹಾಸಾಗರದಲ್ಲಿ ಹಡಗಿನಲ್ಲೇ ತೀರಿಕೊಂಡರು, ಅವರ ಹಿಂದೆ ಬಂದ ವೆಸ್ಲಿಯನ್ ಮಿಷನ್ನೇ ಬೆಂಗಳೂರು, ಗುಬ್ಬಿವರೆಗೆ ತಲುಪಿದ್ದು ಎಂದು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ಶಾಲೆಗೂ ಇಲ್ಲಿಗೂ ನಂಟಿದೆ ಅನ್ನು" ಎಂದಳು. ಮಂಡಿನೋವು ಇದ್ದರೂ ಬಗ್ಗಿ ಆ ನಕ್ಷತ್ರವನ್ನು ಮುಟ್ಟಿದಳು.

ಬೇಸಿಗೆಯ ಶನಿವಾರಗಳಲ್ಲಿ ಬೀಚಿನ ಟ್ರಾಫಿಕ್ ವಿಪರೀತ, ಅಕ್ಟೋಬರ್ ವಾಸಿ. ಹೆದ್ದಾರಿಯಲ್ಲಿ ಗಾಡಿಗಳು ಜೋರಾಗಿ ಬರುತ್ತವೆ, ಚಾಪೆಲ್ ಕಂಡ ಮೇಲೆ ಬ್ರೇಕ್ ಹಾಕಿದರೆ ತಡವಾಗುತ್ತದೆ. ಜಿಪಿಎಸ್ ಹಾಕಿಕೊಂಡು ಮೊದಲೇ ನಿಧಾನ ಮಾಡಿ. ತಿಂಡಿ, ನೀರು ಡೋವರಿನಲ್ಲೇ ಮುಗಿಸಿ.