ವಿಶೇಷ ಬಿ.ಎಡ್. ದಿನಗಳು ಮತ್ತು ಕೆಂಪು ಶಾಯಿಯ ಮೇಷ್ಟ್ರು

ಕಾಲೇಜಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ನಾವು ಓದಿದ ವಿಷಯಗಳನ್ನು ಮೊದಲು ಪಟ್ಟಿ ಮಾಡೋಣವೆಂದು ಕುಳಿತೆ. ಪಟ್ಟಿ ಮೂರನೆಯ ಸಾಲಿಗೇ ನಿಂತುಹೋಯಿತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ವ್ಯಾಖ್ಯೆಗಳು, ವರ್ಗೀಕರಣಗಳು, ಆಯೋಗಗಳ ಶಿಫಾರಸುಗಳು ಎಲ್ಲಿ ಹೋದವೋ ತಿಳಿಯದು. ಉಳಿದವರು ಇಬ್ಬರು: ಪಠ್ಯಯೋಜನೆಯನ್ನು ಕಲಿಸುತ್ತಿದ್ದ ನಮ್ಮ ಸರ್ ಮತ್ತು ಅಭ್ಯಾಸ ಶಾಲೆಯ ಮುಖ್ಯಸ್ಥೆಯಾಗಿದ್ದ, ಮಕ್ಕಳೆಲ್ಲ 'ದೊಡ್ಡ ಮಿಸ್' ಎನ್ನುತ್ತಿದ್ದ ಮೇಡಂ. ಸರ್ ಕಳೆದ ಆಷಾಢದಲ್ಲಿ ತೀರಿಕೊಂಡರು. ಆದ್ದರಿಂದ ಈ ಬರಹದಲ್ಲಿ ಅವರ ಮಾತೇ ಹೆಚ್ಚಾದರೆ ಓದುಗರು ಮನ್ನಿಸಬೇಕು.

ನಾನು ಮೈಸೂರಿಗೆ ಬಂದು ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣ ವಿಭಾಗಕ್ಕೆ ಸೇರಿದ್ದು 2004ರಲ್ಲಿ. ಆಗ ವಿಶೇಷ ಬಿ.ಎಡ್. ಒಂದೇ ವರ್ಷದ್ದು, ಎರಡು ವರ್ಷವಾದದ್ದು 2015ರಿಂದ ಈಚೆಗೆ. ಬಿ.ಎಸ್ಸಿ. ಮುಗಿಸಿದ ಮಗಳು ಎಲ್ಲರಂತೆ ಸಾಮಾನ್ಯ ಬಿ.ಎಡ್. ಮಾಡಿ ಹೈಸ್ಕೂಲು ಸೇರುವುದನ್ನು ಬಿಟ್ಟು ಇದೇನು ಹಿಡಿದಳೆಂದು ಮನೆಯಲ್ಲಿ ಅಸಮಾಧಾನವಿತ್ತು. ನೆಂಟರ ಮನೆಯ ಮದುವೆಯಲ್ಲಿ ಒಬ್ಬರು, "ಅದಕ್ಕೂ ಓದಬೇಕೇನಮ್ಮಾ, ಕರುಣೆ ಇದ್ದರೆ ಸಾಲದೆ?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದ್ದರು. ಕರುಣೆ ಸಾಲದು ಎಂಬುದನ್ನು ಕಾಯ್ದೆಯೇ ಹೇಳಿತ್ತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ (ಇಂಗ್ಲಿಷಿನಲ್ಲಿ ಆರ್‌ಸಿಐ) ಕಾಯ್ದೆಯ ಪ್ರಕಾರ ಮಾನ್ಯತೆ ಪಡೆದ ಕೋರ್ಸು ಮುಗಿಸಿ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿಸಿಕೊಂಡವರು ಮಾತ್ರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಬಹುದು. ನಾವೆಲ್ಲ ಇಂದಿಗೂ 'ಆರ್‌ಸಿಐ ನಂಬರ್' ಎನ್ನುವುದು ಇದನ್ನೇ. ಸರ್ ಮೊದಲ ದಿನವೇ ಕಾಯ್ದೆಯ 13ನೆಯ ಕಲಮನ್ನು ಓದಿ ಹೇಳಿದರು: "ನಂಬರ್ ಇಲ್ಲದೆ ಪಾಠ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ನಂಬರ್ ಇಟ್ಟುಕೊಂಡೂ ಪಾಠ ಮಾಡದಿದ್ದರೆ ಏನು ಶಿಕ್ಷೆ ಅಂತ ಕಾಯ್ದೆ ಬರೆದವರಿಗೆ ಹೊಳೆಯಲಿಲ್ಲ, ನೋಡಿ." ನಾವು ನಕ್ಕೆವು. ಅವರು ನಗಲಿಲ್ಲ.

ಸರ್ ಅವರ ಚರ್ಮದ ಚೀಲದಲ್ಲಿ ಯಾವಾಗಲೂ ಒಂದು ಹಳೆಯ ಅಂಗಿ ಇರುತ್ತಿತ್ತು. ಕಾರ್ಯ ವಿಶ್ಲೇಷಣೆಯ ಪಾಠದ ದಿನ, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಹಂತಹಂತವಾಗಿ ಬರೆಯಿರಿ ಎಂದರು. ಚಾಮರಾಜನಗರದ ಕಡೆಯ ನಮ್ಮ ಸಹಪಾಠಿಯೊಬ್ಬ ಎಲ್ಲರಿಗಿಂತ ಮೊದಲು ಮುಗಿಸಿ ಎದ್ದು ನಿಂತ. ಅವನದು ನಾಲ್ಕೇ ಹಂತ. ಸರ್ ಅಂಗಿಯನ್ನು ಮೈಮೇಲೆ ಹಾಕಿಕೊಂಡು, "ಓದಪ್ಪಾ, ನೀನು ಹೇಳಿದಷ್ಟೇ ಮಾಡುತ್ತೇನೆ" ಎಂದರು. "ಗುಂಡಿಯನ್ನು ಹಿಡಿಯುವುದು" ಎಂದು ಅವನು ಓದಿದ. ಸರ್ ಮುಷ್ಟಿಯಲ್ಲಿ ಗುಂಡಿಯನ್ನು ಹಿಡಿದು ನಿಂತರು. "ಕಾಜದೊಳಗೆ ತೂರಿಸುವುದು" ಎಂದ. ಮುಷ್ಟಿ ಕಾಜದೊಳಗೆ ತೂರುವುದಾದರೂ ಹೇಗೆ? ಯಾವ ಬೆರಳುಗಳಿಂದ ಹಿಡಿಯಬೇಕು, ಗುಂಡಿಯ ಅಂಚನ್ನು ಹೇಗೆ ಓರೆ ಮಾಡಬೇಕು, ಇನ್ನೊಂದು ಕೈ ಕಾಜದ ಪಟ್ಟಿಯನ್ನು ಎಲ್ಲಿ ಹಿಡಿದು ಬಿಗಿಮಾಡಬೇಕು, ಅರ್ಧ ತೂರಿದ ಗುಂಡಿಯನ್ನು ಈಚೆಯಿಂದ ಎಳೆದುಕೊಳ್ಳುವ ಕೈ ಯಾವುದು ಎಂಬುದೆಲ್ಲ ಬರೆದಿರಲಿಲ್ಲ. ಆ ಗಂಟೆ ಮುಗಿಯುವ ಹೊತ್ತಿಗೆ ಕಪ್ಪು ಹಲಗೆಯ ಮೇಲೆ ಹದಿಮೂರು ಹಂತಗಳಿದ್ದವು, ಸರ್ ಅವರ ಎದೆಯ ಮೇಲೆ ಒಂದು ಗುಂಡಿ ಕಾಜದೊಳಗೆ ಸೇರಿತ್ತು.

ಹಂತಗಳನ್ನು ಬರೆದ ಮೇಲೆ ಕಲಿಸುವುದು ಎಲ್ಲಿಂದ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಈಗಲೂ ಅಚ್ಚರಿಯೆನಿಸುತ್ತದೆ. ಮೊದಲ ಹನ್ನೆರಡು ಹಂತಗಳನ್ನು ನೀವೇ ಮಾಡಿಕೊಡಿ, ಕೊನೆಯ ಒಂದೇ ಒಂದು ಎಳೆತವನ್ನು ಮಗುವಿಗೆ ಬಿಡಿ. ಅದು ಕೈಗೂಡಿದ ಮೇಲೆ ಕೊನೆಯ ಎರಡು ಹಂತ, ಆಮೇಲೆ ಮೂರು, ಹೀಗೆ ಹಿಂದಿನಿಂದ ಮುಂದಕ್ಕೆ ಬನ್ನಿ, ಎನ್ನುತ್ತಿದ್ದರು. ಮೊದಲಿನಿಂದ ಕಲಿಸಿದರೆ ಮಗು ಪ್ರತಿದಿನ ಅರ್ಧಕ್ಕೇ ಸೋಲುತ್ತದೆ. ಕೊನೆಯಿಂದ ಕಲಿಸಿದರೆ ಪ್ರತಿದಿನ ಕೆಲಸ ಮುಗಿಸಿದ್ದು ಮಗುವೇ ಆಗಿರುತ್ತದೆ. ಹಿಮ್ಮುಖ ಸರಪಳಿ ಎಂದು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ವಿಧಾನವನ್ನು ಆ ಅಂಗಿಯಿಲ್ಲದೆ ನಾನು ಪರೀಕ್ಷೆಯ ಮರುದಿನವೇ ಮರೆಯುತ್ತಿದ್ದೆನೇನೋ.

ಮಗುವಿಗೆ ಯಾವ ಕೆಲಸಗಳು ಬರುತ್ತವೆಂದು ಗುರುತಿಸುವ ಮೌಲ್ಯಮಾಪನಕ್ಕೆ ನಾವು ಮುಖ್ಯವಾಗಿ ಬಳಸುತ್ತಿದ್ದುದು ಮದ್ರಾಸಿನಲ್ಲಿ ರೂಪುಗೊಂಡ ಎಂಡಿಪಿಎಸ್ ಪಟ್ಟಿಯನ್ನು ಮತ್ತು ಅಂಥದ್ದೇ ಪಟ್ಟಿಯಾದ, ಸಿಕಂದರಾಬಾದಿನ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿಯನ್ನು. ಎಂಡಿಪಿಎಸ್‌ನಲ್ಲಿ 18 ಕ್ಷೇತ್ರಗಳು, ಒಂದೊಂದರಲ್ಲಿ 20 ಅಂಶಗಳು, ಒಟ್ಟು 360. ಊಟ, ಉಡುಪು, ಮಾತು, ಹಣ, ಸಮಯ ಹೀಗೆ ಸುಲಭದಿಂದ ಕಷ್ಟಕ್ಕೆ ಏರುವ ಆ ಸಾಲುಗಳನ್ನು ತುಂಬುವಾಗ, ತಾಯಿ ಹೇಳಿದ್ದನ್ನು ಕೇಳಿ ಗುರುತು ಹಾಕಿದರೆ ಸರ್ ಒಪ್ಪುತ್ತಿರಲಿಲ್ಲ; ಕಣ್ಣಾರೆ ನೋಡಬೇಕು. 'ಮಗುವಿಗೆ ಊಟ ಮಾಡಲು ಬರುವುದಿಲ್ಲ' ಎಂದು ಬರೆದವರ ರೆಕಾರ್ಡಿನಲ್ಲಿ ಕೆಂಪು ಶಾಯಿಯ ಪ್ರಶ್ನೆ ಕಾದಿರುತ್ತಿತ್ತು: 'ಏನು ಬರುತ್ತದೆ?' ತಟ್ಟೆಯತ್ತ ಕೈ ಚಾಚುತ್ತದೆಯೇ, ತುತ್ತು ಹಿಡಿಯುತ್ತದೆಯೇ, ಬಾಯಿಯವರೆಗೆ ಒಯ್ದು ಚೆಲ್ಲುತ್ತದೆಯೇ, ಅದನ್ನು ಬರೆಯಿರಿ; ಪಾಠ ಅಲ್ಲಿಂದ ಶುರು.

ದೊಡ್ಡ ಮಿಸ್ ಅವರದು ಬೇರೆಯೇ ರೀತಿ. ಅವರಿಗೆ ರೆಕಾರ್ಡುಗಳ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಹಣದ ಪಾಠಕ್ಕೆಂದು ನಾವು ರಾತ್ರಿಯೆಲ್ಲ ಕುಳಿತು ರಟ್ಟು ಕತ್ತರಿಸಿ, ಬೆಳ್ಳಿ ಬಣ್ಣದ ಕಾಗದ ಅಂಟಿಸಿ ಮಾಡಿದ್ದ ನಾಣ್ಯಗಳನ್ನು ಒಂದು ಕೈಯಲ್ಲಿ ತೂಗಿ ನೋಡಿ, "ಎದುರಿನ ಅಂಗಡಿಯವನು ಇದನ್ನು ತೊಗೊಳ್ತಾನೇನ್ರಮ್ಮಾ?" ಎಂದರು. ಅಂದೇ ನಾಲ್ವರು ಮಕ್ಕಳನ್ನು ಕರೆದುಕೊಂಡು, ನಿಜವಾದ ಒಂದು ರೂಪಾಯಿ, ಎರಡು ರೂಪಾಯಿಗಳೊಂದಿಗೆ ರಸ್ತೆ ದಾಟಿದೆವು. ಶೆಟ್ಟರ ಅಂಗಡಿಯ ಮುಂದೆ ಹುಡುಗನೊಬ್ಬ ಚಿಲ್ಲರೆಯನ್ನು ವಾಪಸು ಕೇಳಲು ತೆಗೆದುಕೊಂಡ ಸಮಯದಲ್ಲಿ ಹಿಂದೆ ಸಾಲಾಗಿ ನಿಂತ ಗಿರಾಕಿಗಳು ಗೊಣಗತೊಡಗಿದರು. ಮಿಸ್ ಗಿರಾಕಿಗಳತ್ತ ತಿರುಗಿ, "ಸ್ವಲ್ಪ ಕಾಯಿರಿ, ಇಲ್ಲಿ ಪಾಠ ನಡೀತಾ ಇದೆ" ಎಂದರು. ಹುಡುಗ ಕೇಳಿ ಪಡೆದೇ ಬಂದ. ಮಕ್ಕಳ ಮನೆಗಳಿಗೂ ಅವರೇ ನಮ್ಮನ್ನು ಅಟ್ಟುತ್ತಿದ್ದುದು, ಕೆ.ಜಿ. ಕೊಪ್ಪಲಿನ ಮನೆಯೊಂದರ ಅಜ್ಜಿ, ಮೊಮ್ಮಗನಿಗೆ ತಾನೇ ಉಣಿಸುವುದನ್ನು ಬಿಡಲೊಲ್ಲದೆ ನಮ್ಮೊಂದಿಗೆ ತಿಂಗಳುಗಟ್ಟಲೆ ಜಗಳವಾಡಿದ್ದು ಒಂದು ಪ್ರತ್ಯೇಕ ಪುರಾಣ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ತಿಲಕ್ ನಗರದ ಅಂಧರ ಮತ್ತು ಕಿವುಡರ ಸರ್ಕಾರಿ ಶಾಲೆಗಳಿಗೂ ವೀಕ್ಷಣೆಗೆಂದು ಹೋಗಿದ್ದೆವು. ಅವುಗಳ ಕುರಿತು ಬರೆದ ವರದಿಗಳು ಎಲ್ಲೋ ಅಟ್ಟದ ಮೇಲಿವೆ.

ಇನ್ನು ನಮ್ಮ ತಂಡದ ಕುಖ್ಯಾತ ಪ್ರಸಂಗ. ಸರ್‌ಗೆ ಗಂಟೆಯ ಶಬ್ದ ಕೇಳಿಸುತ್ತಿರಲಿಲ್ಲವೆಂದೇ ನಮ್ಮ ಅನುಮಾನ. ಅವರ ಅವಧಿ ಊಟದ ಬಿಡುವನ್ನು ನಿತ್ಯವೂ ನುಂಗುತ್ತಿತ್ತು. ಒಂದು ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ನಾವು ಐದಾರು ಜನ ಸೇರಿ, ಅಧಿಕೃತ ನಮೂನೆಯಲ್ಲಿಯೇ, ಸರ್ ಅವರಿಗೊಂದು ವೈಯಕ್ತಿಕ ಶಿಕ್ಷಣ ಯೋಜನೆಯನ್ನು, ಅಂದರೆ ಐಇಪಿಯನ್ನು, ಸಿದ್ಧಪಡಿಸಿದೆವು. ಬರವಣಿಗೆ ಅಂದವಾಗಿದೆಯೆಂಬ ಕಾರಣಕ್ಕೆ ಬರೆದವಳು ನಾನು. ಸದ್ಯದ ಕಾರ್ಯಮಟ್ಟ: ಗಂಟೆ ಬಾರಿಸಿದಾಗ ತಲೆ ಎತ್ತುತ್ತಾರೆ, ತರಗತಿ ಬಿಡುವುದಿಲ್ಲ. ವಾರ್ಷಿಕ ಗುರಿ: ಗಂಟೆಯ ನಂತರ ಪಾಠ ನಿಲ್ಲಿಸಲು ಕಲಿಯುವುದು. ಪುನರ್ಬಲನ (ಸರಿಯಾಗಿ ಮಾಡಿದ್ದಕ್ಕೆ ಕೊಡುವ ಉತ್ತೇಜನ): ಕ್ಯಾಂಟೀನಿನ ಮದ್ದೂರು ವಡೆ. ಈ ಹಾಳೆ ನಮ್ಮ ಕೈಯಿಂದ ಕೈಗೆ ಓಡಾಡಿ, ಕೊನೆಗೆ ಯಾರದೋ ರೆಕಾರ್ಡಿನೊಳಗೆ ಸೇರಿ ಸರ್ ಅವರ ಮೇಜಿಗೆ ಹೋಯಿತು.

ಎರಡು ದಿನ ನಮಗೆ ಊಟ ಸೇರಲಿಲ್ಲ. ಮೂರನೆಯ ದಿನ ಹಾಳೆ ಹಿಂತಿರುಗಿತು. ಕೆಂಪು ಶಾಯಿಯಲ್ಲಿ ಹೀಗಿತ್ತು: 'ಗುರಿಯನ್ನು ಅಳೆಯಲು ಸಾಧ್ಯವಿಲ್ಲ. ಗಂಟೆ ಬಾರಿಸಿದಾಗ, ಒಂದು ಮೌಖಿಕ ಸೂಚನೆಯ ನೆರವಿನಿಂದ, ಐದು ಸಲದಲ್ಲಿ ನಾಲ್ಕು ಸಲ, ಎರಡು ನಿಮಿಷದೊಳಗೆ ತರಗತಿ ಬಿಡುವರು ಎಂದು ಬರೆಯಬೇಕು. ಪುನರ್ಬಲನದ ಆಯ್ಕೆ ಸೂಕ್ತವಾಗಿದೆ. 7/10.' ಆ ವರ್ಷ ಅವರು ಐಇಪಿಗೆ ಕೊಟ್ಟ ಅತಿ ಹೆಚ್ಚಿನ ಅಂಕ ಅದೇ ಎಂಬುದನ್ನು ವಿನಯದಿಂದಲೇ ದಾಖಲಿಸುತ್ತೇನೆ. ಅಂದು ಗಂಟೆಯಾದ ಕೂಡಲೇ ಸರ್ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಪುಸ್ತಕ ಮುಚ್ಚಿದರು, ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ವಡೆ ಎಲ್ಲಿ?" ಎಂದರು. ಚಂದಾ ಎತ್ತಿ ತರಿಸಿಕೊಟ್ಟೆವು. ಮರುದಿನ ಗಂಟೆಯಾಯಿತು, ಪಾಠ ನಿಲ್ಲಲಿಲ್ಲ. ಒಬ್ಬಳು ಧೈರ್ಯ ಮಾಡಿ ಕೇಳಿದಾಗ, "ಇವತ್ತು ವಡೆ ಕಾಣಲಿಲ್ಲವಲ್ಲಮ್ಮಾ. ಕಲಿಕೆಯ ಮೊದಲ ಹಂತದಲ್ಲಿ ಪುನರ್ಬಲನ ನಿಲ್ಲಿಸಿದರೆ ವರ್ತನೆ ನಂದಿಹೋಗುತ್ತದೆ. ಬರೆದುಕೊಳ್ಳಿ" ಎಂದರು.

ಈಗ ನಾನು ತಾಲ್ಲೂಕೊಂದರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ, ಅಂದರೆ ಬಿಐಇಆರ್‌ಟಿ. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ, ವೈದ್ಯಕೀಯ ಶಿಬಿರ, ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಓಡಾಟ ಎಲ್ಲವೂ ಒಂದೇ ಕೈಚೀಲದಲ್ಲಿ. ನಾವು ಓದುವಾಗ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಆದವು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬರು, ಪ್ರೌಢ ಹಂತದಲ್ಲಿ ಹದಿನೈದು ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ನನ್ನ ದಿನಚರಿಯಲ್ಲಿ ಹೆಚ್ಚಿನ ವ್ಯತ್ಯಾಸವಾಗಿಲ್ಲ. ತರಬೇತಿಯ ಭಾಗವಾಗಿ ನನ್ನಲ್ಲಿಗೆ ಬರುವ ಇಂದಿನ ವಿದ್ಯಾರ್ಥಿಗಳು ನಮಗಿಂತ ಹೆಚ್ಚು ತಿಳಿದವರು. ಆಟಿಸಂ ಬಗ್ಗೆ ಅವರಿಗೆ ಗೊತ್ತಿರುವುದರ ಕಾಲುಭಾಗವೂ ನಮಗೆ ತಿಳಿದಿರಲಿಲ್ಲ. ಆದರೆ ಎರಡು ವರ್ಷ ಸಿಕ್ಕರೂ ಅವರ ಐಇಪಿಗಳು ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಬಂದಂಥವು. ಹಿಂದಿನ ತಿಂಗಳು ಒಬ್ಬ ಹುಡುಗ ತಂದ ಯೋಜನೆಯಲ್ಲಿ, ಬಯಲುಸೀಮೆಯ ರಾಗಿ ಮುದ್ದೆಯ ಮನೆಯ ಮಗುವಿಗೆ ಚಮಚ ಮತ್ತು ಫೋರ್ಕಿನಿಂದ ತಿನ್ನುವ ಗುರಿಯಿತ್ತು. ಹೊರಗಿನಿಂದ ತಂದ ಗುರಿಯನ್ನು ಅಳೆಯಬಹುದಿತ್ತು, ನಿಜ. ನಾನು ಅವನಿಗೆ ಆ ಮನೆಯಲ್ಲಿಯೇ ಕುಳಿತು, ಬಿಸಿ ಮುದ್ದೆಯಿಂದ ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಹಂತಹಂತವಾಗಿ ಬರೆಯಲು ಹೇಳಿದೆ. ಮಗುವಿನ ತಾಯಿ ಅವನ ತಪ್ಪುಗಳನ್ನು ತಿದ್ದುತ್ತಾ ಹೋದರು. ಒಳ್ಳೆಯ ಹುಡುಗ, ಸಂಜೆಯ ಹೊತ್ತಿಗೆ ಹಾಳೆ ತುಂಬಿತ್ತು.

ಸರ್ ಹೆಸರಿನಲ್ಲಿ ಅತ್ಯುತ್ತಮ ರೆಕಾರ್ಡಿಗೆ ಪ್ರತಿವರ್ಷ ಬಹುಮಾನ ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘ ಯೋಚಿಸುತ್ತಿದೆಯೆಂದು ಕೇಳಿದೆ. ರೆಕಾರ್ಡಿನ ಅಂದಕ್ಕೆ ಬಹುಮಾನ ಬೇಡವೆಂದು ನನ್ನ ಸಲಹೆ. ಮಗುವಿನ ಮನೆಯಲ್ಲಿ ನಡೆಸಿದ ಒಂದು ಐಇಪಿಗೆ ಕೊಡಿ. ತೀರ್ಪುಗಾರರಲ್ಲಿ ಆ ಮಗುವಿನ ತಾಯಿಯೂ ಒಬ್ಬರಿರಲಿ. ಉಳಿದ ಹಣವನ್ನು ಮನೆಭೇಟಿಗೆ ಹೋಗುವ ವಿದ್ಯಾರ್ಥಿಗಳ ಬಸ್ ಚಾರ್ಜಿಗೆ ಕೊಡಿ. ನನ್ನ ಪಾಲಿನ ಹಣವನ್ನು ಕಳುಹಿಸಿದ್ದಾಗಿದೆ. ಖಜಾಂಚಿಯವರಿಂದ ರಶೀದಿ ಬರುವುದು ಬಾಕಿ.